ಅಕ್ಷರದ ಸುತ್ತ ಒಂದು ಕಪ್ಪು ಗೆರೆ

ಕಳಸದ ಹುಡುಗನೊಬ್ಬ ಕಳಿಸಿದ ಸ್ಕ್ರೀನ್‌ಶಾಟ್ ಅದು. ದೇವರಮನೆ ಗುಡ್ಡದ ಅಂಚಿನಲ್ಲಿ ಮದುವೆ ಗೊತ್ತಾದ ಜೋಡಿ, ಹಿಂದೆ ದಟ್ಟ ಮಂಜು, ಮಂಜಿನ ಮೇಲೆ ಬಿಳಿ ಅಕ್ಷರಗಳಲ್ಲಿ ಇಬ್ಬರ ಹೆಸರು. ಮದುವೆಗೆ ಮುಂಚಿನ ಶೂಟಿಂಗಿಗೆ ಮೂಡಿಗೆರೆ ಸೀಮೆಯಲ್ಲಿ ದೇವರಮನೆ, ರಾಣಿಝರಿ ಈಗ ಕಾಯಂ ಜಾಗಗಳು. ಚಿತ್ರವೇನೋ ಚೆನ್ನಾಗಿತ್ತು. ಆದರೆ ಹೆಸರಿನ ಪ್ರತಿ ಅಕ್ಷರದ ಸುತ್ತಲೂ ಮಾಸಲು ಕಪ್ಪು ಗೆರೆಯೊಂದು ಅಂಟಿಕೊಂಡಿತ್ತು.

"ಅಣ್ಣಾ, ಟೈಟಲ್ ಮಾಡೋವಾಗ ಇದು ಇರ್ಲಿಲ್ಲ. ಎಡಿಟಿಂಗಿಗೆ ತಂದು ಕೂರಿಸಿದ್ರೆ ಹೀಗಾಗ್ತಿದೆ. ಶ್ಯಾಡೋ ತೆಗೆದು ನೋಡಿದೆ, ಆದ್ರೂ ಹೋಗ್ತಿಲ್ಲ" ಎಂದು ಕೆಳಗೆ ಬರೆದಿದ್ದ.

ಚಿಕ್ಕಮಗಳೂರಿನ ತನ್ನ ಕೋಣೆಯಲ್ಲಿ ಕೂತು ಅದನ್ನು ನೋಡಿದ, ಮದುವೆ ವಿಡಿಯೊ ಕೆಲಸದಲ್ಲಿ ಪಳಗಿದ ಒಬ್ಬನಿಗೆ ಉತ್ತರ ಹೊಳೆಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. "ನಿನ್ನ ಫೈಲು ಪ್ರೀಮಲ್ಟಿಪ್ಲೈಡ್. ಎಡಿಟರ್ ಅದನ್ನ ಸ್ಟ್ರೇಟ್ ಅಂತ ತಿಳ್ಕೊಂಡಿದೆ. ಕ್ಲಿಪ್ಪಿನ ಆಲ್ಫಾ ಸೆಟ್ಟಿಂಗ್ ಬದಲಾಯ್ಸು" ಎಂದು ಮರುತ್ತರ ಹಾಕಿದ. ಗೆರೆ ಹೋಯಿತೆಂದು ಸ್ವಲ್ಪ ಹೊತ್ತಿನಲ್ಲೇ ಕಳಸದಿಂದ ಸುದ್ದಿಯೂ ಬಂತು. ಆತ ಮಾತ್ರ ಮತ್ತೆ ಕೆಲಸಕ್ಕೆ ಕೂರಲಿಲ್ಲ. ಇದೇ ಗೆರೆಯನ್ನು ಆತ ಮೊದಲು ಕಂಡದ್ದು ಎರಡು ದಶಕಗಳ ಹಿಂದೆ, ಮೂಡಿಗೆರೆಯ ಸ್ಟುಡಿಯೊ ಒಂದರ ಮಿಕ್ಸಿಂಗ್ ರೂಮಿನಲ್ಲಿ.

ಕೆಳಗೆ ಗೊಬ್ಬರದ ಅಂಗಡಿ, ಮೇಲೆ ಸ್ಟುಡಿಯೊ. ಮುಂದಿನ ಕೋಣೆಯಲ್ಲಿ ಪಾಸ್‌ಪೋರ್ಟ್ ಫೋಟೊ ತೆಗೆಯಲು ನೀಲಿ ಪರದೆ ಮತ್ತು ಒಂದು ಸ್ಟೂಲು, ಹಿಂದಿನ ಕತ್ತಲೆ ಕೋಣೆಯಲ್ಲಿ ಕಂಪ್ಯೂಟರ್. ಗೋಡೆಯ ಬೀರುವಿನೊಳಗೆ ಮಳೆಗಾಲದುದ್ದಕ್ಕೂ ಬಲ್ಬೊಂದು ಉರಿಯುತ್ತಿತ್ತು. ಅದರ ಬಿಸಿ ಇಲ್ಲದಿದ್ದರೆ ಕ್ಯಾಮೆರಾ ಲೆನ್ಸಿಗೂ ಕ್ಯಾಸೆಟ್ಟಿಗೂ ಬೂಷ್ಟು ಹಿಡಿಯುವುದು ಖಾತ್ರಿ. ಆತ ಆಗ ಪಿಯುಸಿ ಮುಗಿಸಿದ ಹುಡುಗ, ಎಸ್ಟೇಟಿನಲ್ಲಿ ರೈಟರ್ ಆಗಿದ್ದ ಅಪ್ಪನ ಕೈ ಹಿಡಿದುಕೊಂಡೇ ಆ ಮೆಟ್ಟಿಲು ಹತ್ತಿದ್ದ. ಲೈಟು ಹಿಡಿಯುವುದರಿಂದ ಕೆಲಸ ಶುರು. ಕಾಫಿ ಕುಯ್ಲು ಮುಗಿದು, ಹೂಮಳೆ ಬಿದ್ದು, ಕೈಯಲ್ಲಿ ದುಡ್ಡಾಡುವ ಏಪ್ರಿಲ್, ಮೇ ತಿಂಗಳು ಬಂತೆಂದರೆ ಮಲೆನಾಡಿನಲ್ಲಿ ಮದುವೆಯೋ ಮದುವೆ. ಚಪ್ಪರದ ದಿನ, ಧಾರೆ, ಬೀಗರ ಊಟ ಎಲ್ಲಕ್ಕೂ ಕ್ಯಾಮೆರಾ ಹೋಗಬೇಕು. ಹಗಲು ಶೂಟಿಂಗ್, ರಾತ್ರಿ ಮಿಕ್ಸಿಂಗ್.

ಮಾಲೀಕರು ಮೊದಲು ಬೋರ್ಡ್ ಬರೆಯುತ್ತಿದ್ದವರು. ವಿಎಚ್‌ಎಸ್ ಕಾಲದಲ್ಲಿ, ಪ್ಯಾನಸೋನಿಕ್ ಎಂ-9000 ಕ್ಯಾಮೆರಾವನ್ನು ಹೆಗಲ ಮೇಲೆ ಹೊತ್ತು ತಿರುಗುತ್ತಿದ್ದಾಗ, ಟೈಟಲ್ಲುಗಳನ್ನು ತಾವೇ ಕೈಯಲ್ಲಿ ಬರೆಯುತ್ತಿದ್ದರು. ಕಪ್ಪು ರಟ್ಟಿನ ಮೇಲೆ ಬಿಳಿ ಪೋಸ್ಟರ್ ಬಣ್ಣ. ವಧುವಿನ ಹೆಸರು, ವರನ ಹೆಸರು, ತಾರೀಕು, ಕಲ್ಯಾಣ ಮಂಟಪದ ಹೆಸರು. ಆ ರಟ್ಟನ್ನು ಕ್ಯಾಮೆರಾದಲ್ಲಿ ಹಿಡಿದು ಮಿಕ್ಸರಿಗೆ ಕೊಟ್ಟರೆ ಅದು ಕಪ್ಪನ್ನು ಕಳೆದು ಬಿಳಿಯನ್ನಷ್ಟೇ ಮದುವೆಯ ಚಿತ್ರದ ಮೇಲೆ ಕೂರಿಸುತ್ತಿತ್ತು. ಬೆಳಕಿನ ಪ್ರಮಾಣ ನೋಡಿ ಇದು ಇರಲಿ, ಇದು ಹೋಗಲಿ ಎಂದು ತೀರ್ಮಾನಿಸುವ ವಿದ್ಯೆ. ಹಾಗಾಗಿ ಅಕ್ಷರಕ್ಕೆ ಕಪ್ಪು ನೆರಳು ಕೊಡುವಂತಿಲ್ಲ, ಕಡು ಬಣ್ಣ ಬಳಿಯುವಂತಿಲ್ಲ. ಅಕ್ಷರದ ಅಂಚು ಒಂದೋ ಇರುತ್ತದೆ, ಇಲ್ಲವೋ ಕಿತ್ತು ಹೋಗುತ್ತದೆ. ನಡುವಿನ ಸ್ಥಿತಿ ಸಿಗುವುದು ಕಷ್ಟ. ಆ ರಟ್ಟುಗಳ ಒಂದು ಕಟ್ಟು ಹುಡುಗ ಸೇರಿದಾಗಲೂ ಅಟ್ಟದ ಮೇಲಿತ್ತು. ಅಷ್ಟು ದುಂಡಗಿನ ತಲೆಕಟ್ಟು, ಅಷ್ಟು ಅಚ್ಚುಕಟ್ಟಾದ ಒತ್ತಕ್ಷರಗಳನ್ನು ಆಮೇಲೆ ಬಂದ ಯಾವ ಫಾಂಟಿನಲ್ಲೂ ತಾನು ಕಂಡಿಲ್ಲ ಎಂದು ಆತ ಈಗಲೂ ಹೇಳುತ್ತಾನೆ.

ಆ ನಡುವಿನ ಸ್ಥಿತಿಗೆ ಲೆಕ್ಕ ಇಡುವ ಉಪಾಯ ಬೇರೆಲ್ಲೋ ಹುಟ್ಟಿ ಬಹಳ ಕಾಲವಾಗಿತ್ತು. 1970ರ ದಶಕದ ಕೊನೆಯಲ್ಲಿ ನ್ಯೂಯಾರ್ಕ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ಕೆಲಸ ಮಾಡುತ್ತಿದ್ದ ಆಲ್ವಿ ರೇ ಸ್ಮಿತ್ ಮತ್ತು ಎಡ್ ಕ್ಯಾಟ್‌ಮಲ್, ಚಿತ್ರದ ಪ್ರತಿ ಚುಕ್ಕೆಗೂ ಕೆಂಪು, ಹಸಿರು, ನೀಲಿ ಎಂಬ ಮೂರು ಅಂಕಿಗಳ ಜೊತೆಗೆ ನಾಲ್ಕನೆಯದೊಂದನ್ನು ಸೇರಿಸಿದರು. ಈ ಚುಕ್ಕೆ ತನ್ನ ಕೆಳಗಿನದನ್ನು ಎಷ್ಟು ಮರೆಮಾಡುತ್ತದೆ ಎಂದು ಹೇಳುವ ಅಂಕಿ ಅದು. ಅದಕ್ಕೆ ಆಲ್ಫಾ ಎಂದು ಹೆಸರಾಯಿತು. ಎಂಟು ಬಿಟ್‌ನ ಲೆಕ್ಕದಲ್ಲಿ 0 ಅಂದರೆ ಪೂರ್ತಿ ಪಾರದರ್ಶಕ, 255 ಅಂದರೆ ಪೂರ್ತಿ ಮುಚ್ಚಿದ್ದು, ನಡುವಿನದೆಲ್ಲ ಹೊಗೆ, ನೆರಳು, ಗಾಜು, ಅಕ್ಷರದ ನಯವಾದ ಅಂಚು. ಆಲ್ಫಾ ಇರುವ ಚಿತ್ರಗಳನ್ನು ಒಂದರ ಮೇಲೊಂದು ಹೇಗೆ ಕೂರಿಸಬೇಕೆಂಬ ಗಣಿತವನ್ನು ಲ್ಯೂಕಾಸ್‌ಫಿಲ್ಮ್‌ನ ಥಾಮಸ್ ಪೋರ್ಟರ್ ಮತ್ತು ಟಾಮ್ ಡಫ್ 1984ರಲ್ಲಿ ಪ್ರಬಂಧವಾಗಿ ಪ್ರಕಟಿಸಿದರು. ಈ ನಾಲ್ವರಿಗೂ 1996ರಲ್ಲಿ ಆಸ್ಕರ್ ಅಕಾಡೆಮಿಯ ತಾಂತ್ರಿಕ ಪ್ರಶಸ್ತಿ ಬಂತು. ಮೂಡಿಗೆರೆಯ ಮಿಕ್ಸಿಂಗ್ ರೂಮಿಗೆ ಈ ನಾಲ್ಕನೇ ಅಂಕಿ ಬಂದು ಮುಟ್ಟಿದ್ದು ಮಿನಿ ಡಿವಿ ಕ್ಯಾಮೆರಾ, ಪೆಂಟಿಯಂ ಕಂಪ್ಯೂಟರ್ ಮತ್ತು ಆಫ್ಟರ್ ಎಫೆಕ್ಟ್ಸ್ ಎಂಬ ಗ್ರಾಫಿಕ್ಸ್ ತಂತ್ರಾಂಶದ ಜೊತೆಗೆ.

ಆಗ ಟೈಟಲ್ ಮಾಡುವುದು ಒಂದು ತಂತ್ರಾಂಶದಲ್ಲಿ, ಮದುವೆಯನ್ನು ಜೋಡಿಸುವುದು ಇನ್ನೊಂದರಲ್ಲಿ. ಅಲ್ಲಿಂದ ಇಲ್ಲಿಗೆ ಟೈಟಲ್ಲನ್ನು ಸಾಗಿಸುವಾಗ ಹಿನ್ನೆಲೆ ಖಾಲಿಯಾಗಿಯೇ ಉಳಿಯಬೇಕು. ಹುಡುಗ ಮಾಡಿದ ಫೈಲುಗಳೆಲ್ಲ ಎಡಿಟಿಂಗಿಗೆ ಬಂದಾಗ ಕಪ್ಪು ಹಲಗೆಯಾಗಿ ಕೂರುತ್ತಿದ್ದವು. ವಧೂವರರು ಹಲಗೆಯ ಹಿಂದೆ ಮಾಯ. ಮಾಲೀಕರು ಮಾಡಿದ ಫೈಲುಗಳು ಮಾತ್ರ ಸರಿಯಾಗಿ ಬರುತ್ತಿದ್ದವು. ಎಕ್ಸ್‌ಪೋರ್ಟ್ ಮಾಡುವ ಗಳಿಗೆಗೆ ಅವರು ಹುಡುಗನನ್ನು ಚಹಾ ತರಲು ಕಳಿಸುತ್ತಿದ್ದರು. ಸೆಟ್ಟಿಂಗುಗಳನ್ನು ಬರೆದಿಟ್ಟ ಚೀಟಿ ಡ್ರಾಯರಿನಲ್ಲಿತ್ತು, ಡ್ರಾಯರಿಗೆ ಬೀಗವಿತ್ತು.

ಕೊನೆಗೆ ಹುಡುಗನಿಗೆ ದಾರಿ ತೋರಿಸಿದ್ದು ಒಂದು ಕೂಡುವ ಚಿಹ್ನೆ. ಆಫ್ಟರ್ ಎಫೆಕ್ಟ್ಸ್‌ನ ಔಟ್‌ಪುಟ್ ಮಾಡ್ಯೂಲ್ ಎಂಬ ಚೌಕದಲ್ಲಿ ಕ್ವಿಕ್‌ಟೈಮ್ ಎಂಬ ಫೈಲಿನ ಮಾದರಿ ಆರಿಸಿ, ಅದರೊಳಗೆ ಅನಿಮೇಷನ್ ಎಂಬ ಕೋಡೆಕ್, ಅಂದರೆ ಚಿತ್ರವನ್ನು ಕುಗ್ಗಿಸಿಡುವ ವಿಧಾನ, ಹಾಕಿದರೆ, ಬಣ್ಣದ ಆಳದ ಜಾಗದಲ್ಲಿ 'ಮಿಲಿಯನ್ಸ್ ಆಫ್ ಕಲರ್ಸ್' ಎಂದಿರುತ್ತದೆ. 24 ಬಿಟ್, ಅಂದರೆ 1,67,77,216 ಬಣ್ಣ. ಚಾನೆಲ್ ಎಂಬಲ್ಲಿ ಆರ್‌ಜಿಬಿ ಬದಲು ಆರ್‌ಜಿಬಿ ಮತ್ತು ಆಲ್ಫಾ ಎಂದು ಆರಿಸಿದ ಕೂಡಲೇ ಆ ಹೆಸರಿನ ಕೊನೆಯಲ್ಲಿ ಒಂದು '+' ಮೂಡುತ್ತದೆ. ಮಾಲೀಕರ ಹಳೆಯ ಪ್ರಾಜೆಕ್ಟ್ ಫೈಲನ್ನು ತೆರೆದು ನೋಡುವಾಗ ಹುಡುಗನ ಕಣ್ಣಿಗೆ ಬಿದ್ದದ್ದು ಅದೇ. ಹೆಚ್ಚುವರಿ ಎಂಟು ಬಿಟ್, ಒಟ್ಟು 32. ನಾಲ್ಕನೇ ಅಂಕಿ ಕೂತಿರುವುದು ಆ ಕೂಡುವ ಚಿಹ್ನೆಯಲ್ಲಿ. ಆ ರಾತ್ರಿ ಮೊದಲ ಸಲ ಅವನ ಟೈಟಲ್ಲಿನ ಹಿಂದೆ ಮದುವೆ ಮನೆ ಕಂಡಿತು. ಜೊತೆಗೆ ಅಕ್ಷರಗಳ ಸುತ್ತ ಆ ಕಪ್ಪು ಗೆರೆಯೂ ಕಂಡಿತು.

ಗೆರೆಯ ಮರ್ಮ ಒಂದು ಸಣ್ಣ ಗುಣಾಕಾರದಲ್ಲಿದೆ, ಕಾಗದದ ಮೇಲೆ ಹಾಕಿ ನೋಡಬಹುದು. ಬಿಳಿ ಅಕ್ಷರದ ಅಂಚಿನ ಒಂದು ಚುಕ್ಕೆಯನ್ನು ತೆಗೆದುಕೊಳ್ಳಿ. ಅದರ ಬಣ್ಣ 255, ಅರ್ಧ ಮಾತ್ರ ಮುಚ್ಚಿದೆ. ಸ್ಟ್ರೇಟ್ ವಿಧಾನದಲ್ಲಿ ಫೈಲು 'ಬಣ್ಣ 255, ಆಲ್ಫಾ ಅರ್ಧ' ಎಂದು ಎರಡನ್ನೂ ಬೇರೆ ಬೇರೆ ಇಡುತ್ತದೆ. ಪ್ರೀಮಲ್ಟಿಪ್ಲೈಡ್ ವಿಧಾನದಲ್ಲಿ ಮೊದಲೇ ಗುಣಿಸಿ, ಕಪ್ಪಿನೊಂದಿಗೆ ಬೆರೆಸಿ, 'ಬಣ್ಣ 128, ಆಲ್ಫಾ ಅರ್ಧ' ಎಂದು ಇಡುತ್ತದೆ. ಎರಡೂ ಸರಿಯೇ. ಈಗ ಹಿಂದಿರುವ ಮಂಜಿನ ಬಣ್ಣ 200 ಎಂದುಕೊಳ್ಳಿ. ಸರಿಯಾಗಿ ಕೂಡಿದರೆ ಅಕ್ಷರದ ಪಾಲು 128, ಮಂಜಿನ ಅರ್ಧ ಪಾಲು 100, ಒಟ್ಟು 228. ಅಕ್ಷರಕ್ಕೂ ಮಂಜಿಗೂ ನಡುವಿನ ಬಣ್ಣ, ಅಂಚು ನಯವಾಗಿ ಕರಗುತ್ತದೆ. ಪ್ರೀಮಲ್ಟಿಪ್ಲೈಡ್ ಫೈಲನ್ನು ಎಡಿಟರ್ ಸ್ಟ್ರೇಟ್ ಎಂದು ತಿಳಿದರೆ 128ನ್ನು ಮತ್ತೊಮ್ಮೆ ಅರ್ಧಮಾಡುತ್ತದೆ. 64ಕ್ಕೆ 100 ಕೂಡಿ 164. ಇದು ಅಕ್ಷರಕ್ಕಿಂತಲೂ ಕಪ್ಪು, ಮಂಜಿಗಿಂತಲೂ ಕಪ್ಪು. ಅದೇ ಗೆರೆ.

ಕಾಫಿ ತೋಟದ ಕಡು ನೆರಳಿನ ಮೇಲೆ ಇದೇ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಕಪ್ಪಿನ ಮೇಲೆ ಕಪ್ಪು ಗೆರೆ ಯಾರಿಗೆ ಕಾಣಬೇಕು? ಮಂಜು, ಬಿಳಿ ಪಂಚೆ, ಮಧ್ಯಾಹ್ನದ ಆಕಾಶ ಬಂದಾಗ ಎದ್ದು ನಿಲ್ಲುತ್ತದೆ. ಮಲೆನಾಡಿನಲ್ಲಿ ಟೈಟಲ್ ಕೂರಿಸುವವರಿಗೆ ಈ ಕಾಟ ಹೆಚ್ಚು. ಆಫ್ಟರ್ ಎಫೆಕ್ಟ್ಸ್ ತಾನಾಗಿ ಆರಿಸಿಕೊಳ್ಳುವುದು ಪ್ರೀಮಲ್ಟಿಪ್ಲೈಡ್ ವಿಧಾನವನ್ನು, ಆದ್ದರಿಂದ ಹೊಸಬರೆಲ್ಲ ಒಂದಲ್ಲ ಒಂದು ದಿನ ಈ ಗೆರೆಯನ್ನು ಎದುರಿಸಲೇಬೇಕು. ಸ್ಟ್ರೇಟ್ ಹಾಕಿದರೆ ಇನ್ನೊಂದು ಗಾಬರಿ ಕಾದಿರುತ್ತದೆ. ಆ ಫೈಲನ್ನು ಒಂಟಿಯಾಗಿ ತೆರೆದು ನೋಡಿದರೆ ಅಕ್ಷರದ ಅಂಚಿನಾಚೆಗೂ ಬಣ್ಣ ಚೆಲ್ಲಿ, ಅಂಚೆಲ್ಲ ಮುರುಕಾಗಿ ಕಾಣುತ್ತದೆ. ಹುಡುಗ ಮಾಡಿದ್ದನ್ನು ನೋಡಿದ ಮಾಲೀಕರು "ಫೈಲೇ ಹಾಳಾಗಿದೆಯಲ್ಲೋ ಮಾರಾಯ" ಅಂದಿದ್ದರು. ಟೈಮ್‌ಲೈನಿನಲ್ಲಿ ಮದುವೆಯ ಮೇಲೆ ಕೂರಿಸಿದಾಗ ಅಂಚು ಬೆಣ್ಣೆಯಂತೆ ಬಂತು. ಅವರು ಏನೂ ಮಾತಾಡಲಿಲ್ಲ. ಮರುದಿನದಿಂದ ಎಕ್ಸ್‌ಪೋರ್ಟ್ ಕೆಲಸ ಹುಡುಗನದಾಯಿತು. ಚಹಾ ತರಲು ಬೇರೊಬ್ಬ ಬಂದ.

ಕನ್ನಡದ ಕಷ್ಟ ಇನ್ನೂ ಒಂದು ಮೆಟ್ಟಿಲು ಆಚೆಗಿತ್ತು. ಯುನಿಕೋಡ್ ಕನ್ನಡ ಹಾಕಿದರೆ ಆಗಿನ ಗ್ರಾಫಿಕ್ಸ್ ತಂತ್ರಾಂಶಗಳಲ್ಲಿ ಒತ್ತಕ್ಷರ ಬಿಡಿಬಿಡಿಯಾಗಿ ಬೀಳುತ್ತಿತ್ತು. ಅದಕ್ಕೇ ಎಲ್ಲರೂ ನುಡಿ, ಬರಹದ ಹಳೆಯ ಫಾಂಟುಗಳನ್ನು ನಂಬಿದ್ದರು. ಆ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಇಟ್ಟುಕೊಂಡಿದ್ದವು. ಮೂಲಾಕ್ಷರ ಒಂದು ತುಂಡು, ಕೊಂಬು ಒಂದು ತುಂಡು, ಒತ್ತು ಒಂದು ತುಂಡು, ದೀರ್ಘ ಇನ್ನೊಂದು. ನಿಂತ ಟೈಟಲ್ಲಿಗೆ ತೊಂದರೆಯಿಲ್ಲ. ಅಕ್ಷರಗಳು ಒಂದೊಂದಾಗಿ ಹಾರಿ ಬರುವ ಅನಿಮೇಷನ್ ಹಾಕಿದರೆ ಮಾತ್ರ ಅನಾಹುತ. 'ಶ್ರೀ' ಬರುವಾಗ ಮೊದಲು ಒಂದು ತುಂಡು ಬಂದು ಕೂರುತ್ತದೆ, ಆಮೇಲೆ ಒತ್ತು ಕೆಳಗಿನಿಂದ ಬರುತ್ತದೆ, ದೀರ್ಘ ಎಲ್ಲಕ್ಕಿಂತ ಹಿಂದೆ ಉಳಿದು ತಡವಾಗಿ ಸೇರಿಕೊಳ್ಳುತ್ತದೆ. ಮದುವೆ ಕ್ಯಾಸೆಟ್ಟಿನ ಮೊದಲ ಅಕ್ಷರವೇ ಹೀಗೆ ಚೂರಾಗಿ ಬಂದರೆ ಹಿರಿಯರು ಸುಮ್ಮನಿರುತ್ತಾರೆಯೇ? ಹುಡುಗ ಕಂಡುಕೊಂಡ ದಾರಿ ದೀರ್ಘವಾದದ್ದು. ಫೋಟೊಶಾಪ್‌ನಲ್ಲಿ ಪ್ರತಿ ಅಕ್ಷರವನ್ನೂ ಒತ್ತು, ಗುಣಿತ ಸಮೇತ ಒಂದೊಂದು ಪ್ರತ್ಯೇಕ ಲೇಯರ್ ಮಾಡುವುದು, ಆ ಫೈಲನ್ನು ಪದರ ಪದರವಾಗಿ ಆಫ್ಟರ್ ಎಫೆಕ್ಟ್ಸ್‌ಗೆ ತರುವುದು, ಒಂದೊಂದನ್ನೂ ಕೈಯಿಂದಲೇ ಚಲಿಸುವಂತೆ ಮಾಡುವುದು.

ಅದೇ ಮೂಡಿಗೆರೆಯಲ್ಲಿ, ಪಟ್ಟಣದ ಹೊರಗಿನ 'ನಿರುತ್ತರ' ಎಂಬ ತಮ್ಮ ಮನೆಯಲ್ಲಿ ಆಗ ಸಾಹಿತಿ ಪೂರ್ಣಚಂದ್ರ ತೇಜಸ್ವಿ ಇದ್ದರು. ಹಕ್ಕಿಗಳ ಫೋಟೊ ತೆಗೆಯುತ್ತಾ, ಕಂಪ್ಯೂಟರಿನಲ್ಲಿ ಕನ್ನಡ ಸರಾಗವಾಗಿ ನಡೆಯಬೇಕೆಂದು ಕನ್ನಡ ತಂತ್ರಾಂಶದ ಬೆನ್ನು ಹತ್ತಿದ್ದರು. ಅವರು ತೀರಿಕೊಂಡದ್ದು 2007ರ ಏಪ್ರಿಲ್ 5ರಂದು. ತೇಜಸ್ವಿಯವರು ತಲೆ ಕೆಡಿಸಿಕೊಂಡಿದ್ದ ಸಮಸ್ಯೆಯೂ ಗೊಬ್ಬರದಂಗಡಿ ಮೇಲಿನ ಕೋಣೆಯಲ್ಲಿ 'ಶ್ರೀ' ಚೂರಾಗುತ್ತಿದ್ದ ಸಮಸ್ಯೆಯೂ ಒಂದೇ ಬೇರಿನದು ಎಂದು ಹುಡುಗನಿಗೆ ಆಗ ಗೊತ್ತಿರಲಿಲ್ಲ. ಬಹಳ ವರ್ಷಗಳ ಮೇಲೆ ಯುನಿಕೋಡ್ ಕನ್ನಡವನ್ನು ಸರಿಯಾಗಿ ಹೆಣೆಯುವ ಅಕ್ಷರಜೋಡಣೆಯ ವ್ಯವಸ್ಥೆ ಈ ತಂತ್ರಾಂಶಗಳಿಗೆ ಬಂದಾಗ ಆತನಿಗೆ ಮೊದಲು ನೆನಪಾದದ್ದು ತೇಜಸ್ವಿಯವರೇ.

ಮತ್ತೊಂದು ಪಾಠ ಕಲಿಸಿದ್ದು ಮಳೆ. ಜೂನ್ ಬಂತೆಂದರೆ ಚಾರ್ಮಾಡಿ ಕಡೆಯಿಂದ ಗಾಳಿ ಏಳುತ್ತದೆ, ಸಿಲ್ವರ್ ಮರದ ಕೊಂಬೆ ಮುರಿದು ಲೈನಿನ ಮೇಲೆ ಬೀಳುತ್ತದೆ, ಕರೆಂಟು ಹೋಗುತ್ತದೆ. ಯುಪಿಎಸ್ ಇದ್ದರೂ ಅದು ಮೆಷಿನ್ ಆರಿಸುವಷ್ಟು ಹೊತ್ತಿಗೆ ಮಾತ್ರ. ಸೆಕೆಂಡಿಗೆ 25 ಫ್ರೇಮಿನಂತೆ ಹತ್ತು ಸೆಕೆಂಡಿನ ಟೈಟಲ್ ಅಂದರೆ 250 ಫ್ರೇಮು. ಹೊಗೆ, ಮಿನುಗು, ನೆರಳು ಎಲ್ಲ ಸೇರಿದರೆ ಆಗಿನ ಕಂಪ್ಯೂಟರಿಗೆ ಒಂದೊಂದು ಫ್ರೇಮೂ ಭಾರವೇ. 180ನೇ ಫ್ರೇಮಿನಲ್ಲಿ ಕರೆಂಟು ಹೋದರೆ ಮೂವಿ ಫೈಲು ಪೂರ್ತಿ ಹೋದಂತೆ. ಯಾಕೆಂದರೆ ಕ್ವಿಕ್‌ಟೈಮ್ ಫೈಲಿನಲ್ಲಿ ಯಾವ ಫ್ರೇಮು ಎಲ್ಲಿದೆ ಎಂಬ ಪಟ್ಟಿ ಬರೆಯುವುದು ಕೊನೆಯಲ್ಲಿ. ಪಟ್ಟಿಯಿಲ್ಲದ ಫೈಲು ತೆರೆಯುವುದಿಲ್ಲ.

ಪರಿಹಾರ ಸಿಕ್ಕಿದ್ದು ಪಿಎನ್‌ಜಿ ಸೀಕ್ವೆನ್ಸಿನಲ್ಲಿ. ಒಂದೇ ಮೂವಿಯ ಬದಲು 250 ಬಿಡಿ ಚಿತ್ರಗಳು, ಪ್ರತಿಯೊಂದಕ್ಕೂ ಅದರದೇ ಆಲ್ಫಾ. ಪಿಎನ್‌ಜಿಯ ನಿಯಮದಲ್ಲೇ ಆಲ್ಫಾ ಸ್ಟ್ರೇಟ್ ಆಗಿರಬೇಕೆಂದಿದೆ. ಕರೆಂಟು ಹೋದರೂ ಆಗಿರುವ 179 ಚಿತ್ರ ಭದ್ರ. ಅರ್ಧ ಬರೆದ ಕೊನೆಯ ಚಿತ್ರವನ್ನು ಅಳಿಸಿ, ಇರುವ ಫೈಲುಗಳನ್ನು ಬಿಟ್ಟು ಮುಂದೆ ಹೋಗು ಎಂಬ ಗುರುತು ಹಾಕಿದರೆ 180ರಿಂದಲೇ ಮುಂದುವರಿಯುತ್ತದೆ. ಎಡಿಟಿಂಗಿಗೆ ತರುವಾಗ ಮೊದಲ ಚಿತ್ರವನ್ನು ಆರಿಸಿ, ಇದು ಸೀಕ್ವೆನ್ಸ್ ಎಂದು ಹೇಳಿ, ಫ್ರೇಮ್‌ರೇಟ್ 25 ಎಂದು ಖಚಿತಪಡಿಸಬೇಕು. ಇಲ್ಲವಾದರೆ ತಂತ್ರಾಂಶ 30 ಎಂದುಕೊಂಡು ಟೈಟಲ್ಲನ್ನು ಬೇಗ ಮುಗಿಸಿಬಿಡುತ್ತದೆ. ಈ ವಿದ್ಯೆ ಆ ಸೀಮೆಯ ಸ್ಟುಡಿಯೊಗಳಲ್ಲಿ ಬಾಯಿಂದ ಬಾಯಿಗೆ ಹರಡಿತು. ಕನ್ನಡದಲ್ಲಿ ಅದನ್ನು ಯಾರೂ ಬರೆದಿಡಲಿಲ್ಲ.

ಗಾತ್ರದ ಲೆಕ್ಕವೂ ಹಾಗೆಯೇ ಕಾಡುತ್ತಿತ್ತು. ಆಗಿನ ಪಾಲ್ ಟಿವಿಯ ಅಳತೆ 720ಕ್ಕೆ 576 ಚುಕ್ಕೆ. ಕುಗ್ಗಿಸದೆ ಇಟ್ಟರೆ ನಾಲ್ಕು ಚಾನೆಲ್ ಸೇರಿ ಒಂದು ಫ್ರೇಮಿಗೆ 16 ಲಕ್ಷ ಬೈಟ್‌ಗೂ ಹೆಚ್ಚು, ಸೆಕೆಂಡಿಗೆ ಸುಮಾರು 41 ಎಂಬಿ. ಡಿವಿ ಟೇಪಿನ ಒಂದು ಗಂಟೆಯ ಮದುವೆ ಸುಮಾರು 13 ಜಿಬಿ ತಿನ್ನುತ್ತಿತ್ತು, ಸ್ಟುಡಿಯೊದ ಹಾರ್ಡ್‌ಡಿಸ್ಕೇ 80 ಜಿಬಿ. ಅನಿಮೇಷನ್ ಕೋಡೆಕ್ ಒಂದೇ ಬಣ್ಣದ ಚುಕ್ಕೆಗಳು ಸಾಲಾಗಿ ಬಂದರೆ ಇಷ್ಟು ಚುಕ್ಕೆ ಇದೇ ಬಣ್ಣ ಎಂದು ಚುಟುಕಾಗಿ ಬರೆದುಕೊಳ್ಳುತ್ತದೆ. ಹಾಗಾಗಿ ಖಾಲಿ ಹಿನ್ನೆಲೆಯ ಅಕ್ಷರಗಳು ಚಿಕ್ಕ ಫೈಲಾಗುತ್ತವೆ. ಹೊಗೆ ಸೇರಿಸಿದ ಕೂಡಲೇ ಫೈಲು ಊದಿಕೊಳ್ಳುತ್ತದೆ. ಆದ್ದರಿಂದ ಮೂಡಿಗೆರೆಯ ಟೈಟಲ್ಲುಗಳಲ್ಲಿ ಹೊಗೆ ಕಡಿಮೆ. ದೊಡ್ಡ ಕೆಲಸವಿದ್ದರೆ ಹಾರ್ಡ್‌ಡಿಸ್ಕನ್ನು ಟವೆಲ್ಲಿನಲ್ಲಿ ಸುತ್ತಿ ಹುಡುಗ ಚಿಕ್ಕಮಗಳೂರಿನ ಬಸ್ ಹತ್ತುತ್ತಿದ್ದ, ಸುಮಾರು 30 ಕಿಲೋಮೀಟರ್, ತೊಡೆಯ ಮೇಲೆ ಇಟ್ಟುಕೊಂಡೇ.

ಆಮೇಲಿನ ವರ್ಷಗಳು ಬೇಗ ಬೇಗ ಬದಲಾದವು. ಆಪಲ್ 2009ರಲ್ಲಿ ಪ್ರೋರೆಸ್ 4444 ಎಂಬ ಕೋಡೆಕ್ ತಂದಿತು. ಹೆಸರಿನ ಕೊನೆಯ ನಾಲ್ಕು ಆಲ್ಫಾಕ್ಕೆ. ಪೂರ್ಣ ಎಚ್‌ಡಿಯಲ್ಲಿ ಸೆಕೆಂಡಿಗೆ 25 ಫ್ರೇಮಿಗೆ ಬಣ್ಣದ ಭಾಗವೇ ಸುಮಾರು 275 ಮೆಗಾಬಿಟ್. ಕುಗ್ಗಿಸದಿದ್ದರೆ ಅದೇ ಎಚ್‌ಡಿ ಸೆಕೆಂಡಿಗೆ 200 ಮೆಗಾಬೈಟ್ ದಾಟುತ್ತದೆ, ಎಂಟು ಬಿಟ್ಟಿಗೆ ಒಂದು ಬೈಟಿನಂತೆ ಅದರ ಮುಂದೆ ಇದು ಆರನೇ ಒಂದು ಪಾಲು. ಆದರೆ ಅದು ಮ್ಯಾಕ್‌ನವರ ಸೊತ್ತು, ಸಣ್ಣ ಊರಿನ ಸ್ಟುಡಿಯೊಗಳಲ್ಲಿ ಇದ್ದದ್ದು ವಿಂಡೋಸ್. 2016ರಲ್ಲಿ ಆಪಲ್ ವಿಂಡೋಸ್‌ನ ಕ್ವಿಕ್‌ಟೈಮ್ ಕೈಬಿಟ್ಟಿತು. ಭದ್ರತೆಯ ಲೋಪಗಳಿದ್ದ ಅದನ್ನು ತೆಗೆದುಹಾಕಿ ಎಂದು ಅಮೆರಿಕದ ಸರ್ಕಾರಿ ಸಂಸ್ಥೆಯೇ ಎಚ್ಚರಿಸಿತು. ವರ್ಷಗಟ್ಟಲೆ ಕೂಡಿಟ್ಟ ಅನಿಮೇಷನ್ ಕೋಡೆಕ್ಕಿನ ಟೈಟಲ್ಲುಗಳನ್ನು ಏನು ಮಾಡುವುದೆಂದು ಸ್ಟುಡಿಯೊಗಳು ಕೈಚೆಲ್ಲಿ ಕೂತವು. 2018ರ ಡಿಸೆಂಬರಿನಲ್ಲಿ ಅಡೋಬಿ ವಿಂಡೋಸ್‌ನಲ್ಲೂ ಪ್ರೋರೆಸ್ ಎಕ್ಸ್‌ಪೋರ್ಟ್ ಕೊಟ್ಟ ಮೇಲೆ ಉಸಿರು ಬಂತು. ಎಡಿಯಸ್ ಎಂಬ ಎಡಿಟಿಂಗ್ ತಂತ್ರಾಂಶ ಬಳಸುವವರಿಗೆ ಆಲ್ಫಾ ಹೊರುವ ಅದರದೇ ಕೋಡೆಕ್ ಎಚ್‌ಕ್ಯೂಎಕ್ಸ್ ಇದೆ. ಡಾವಿಂಚಿ ರಿಸಾಲ್ವ್ ಎಂಬ ಇನ್ನೊಂದು ತಂತ್ರಾಂಶ ಉಚಿತವಾಗಿ ಸಿಗುತ್ತದೆ, ಎಕ್ಸ್‌ಪೋರ್ಟ್ ಆಲ್ಫಾ ಎಂಬ ಒಂದು ಚೌಕಕ್ಕೆ ಗುರುತು ಹಾಕಿದರೆ ಸಾಕು. ಮಾಲೀಕರು ಬೀಗ ಹಾಕಿಟ್ಟಿದ್ದ ಗುಟ್ಟು ಈಗ ಒಂದು ಗುರುತಿನಷ್ಟೇ ಅಗಲ.

ಆದರೂ ಹೊಸ ಹುಡುಗರು ಅದೇ ಹಳೆಯ ಗೋಡೆಗೆ ಹಾಯುತ್ತಾರೆ. ಮೊಬೈಲಿನಲ್ಲಿ ಎಲ್ಲರೂ ಬಳಸುವ ಎಚ್.264ರ ಎಂಪಿ4 ಫೈಲು ಆಲ್ಫಾ ಹೊರುವುದಿಲ್ಲ. ಟೈಟಲ್ಲನ್ನು ಹಾಗೆ ಎಕ್ಸ್‌ಪೋರ್ಟ್ ಮಾಡಿದರೆ ಮತ್ತೆ ಕಪ್ಪು ಹಲಗೆ. ಅದಕ್ಕೇ ಹಸಿರು ಹಿನ್ನೆಲೆಯ ಟೈಟಲ್ಲುಗಳು ಚಾಲ್ತಿಗೆ ಬಂದಿವೆ. ಹಸಿರನ್ನು ಕಳೆದು ಉಳಿದದ್ದನ್ನು ಕೂರಿಸುವುದು. ಟೈಟಲ್ಲಿನಲ್ಲೇ ಮಾವಿನ ತೋರಣವೋ ಬಾಳೆ ಎಲೆಯೋ ಇದ್ದರೆ ಅದೂ ಹಸಿರಿನ ಜೊತೆ ಮಾಯವಾಗುತ್ತದೆ. ನೆರಳು ಇದ್ದ ಕಡೆ ಹಸಿರು ಛಾಯೆ ಉಳಿದು ಅಕ್ಷರ ಪಾಚಿ ಕಟ್ಟಿದಂತೆ ಕಾಣುತ್ತದೆ. ವಿಎಚ್‌ಎಸ್ ಕಾಲದ ಕಪ್ಪು ರಟ್ಟಿನ ವಿದ್ಯೆಯೇ ಬಣ್ಣ ಬದಲಿಸಿಕೊಂಡು ಮೊಬೈಲಿಗೆ ಬಂದಿದೆ.

ಆ ಸ್ಟುಡಿಯೊ ಈಗಿಲ್ಲ, ಮಾಲೀಕರೂ ಇಲ್ಲ. ಅವರನ್ನು ನೆನೆದರೆ ಆತನಿಗೆ ಮೊದಲು ಬರುವುದು ಪ್ರೀತಿಯೇ. ಸಂಬಳ ತಡವಾದ ತಿಂಗಳುಗಳಲ್ಲಿ ಊಟ ತಡವಾಗದಂತೆ ನೋಡಿಕೊಂಡವರು ಅವರು. ಮದುವೆ ಮನೆಯಲ್ಲಿ ಕ್ಯಾಮೆರಾದವರಿಗೆ ಕೊನೆಯ ಪಂಕ್ತಿ ಎಂದರೆ ತಾವೂ ಹುಡುಗರ ಜೊತೆ ಕೊನೆಯ ಪಂಕ್ತಿಗೇ ಕೂರುತ್ತಿದ್ದರು. ಆದರೆ ಬೀಗ ಹಾಕಿದ ಡ್ರಾಯರನ್ನು ಆತ ಇಂದು ಸಮರ್ಥಿಸುವುದಿಲ್ಲ. ಕಲಿಸಿದರೆ ಹುಡುಗ ಎದುರಂಗಡಿ ತೆರೆಯುತ್ತಾನೆಂಬ ಭಯ ಅವರದು. ಕಲಿಸದೆಯೂ ಹುಡುಗರು ಎದುರಂಗಡಿ ತೆರೆದರು. ಮಾಲೀಕರ ಜೊತೆ ಹೋದದ್ದು ಆ ಬೋರ್ಡ್ ಬರೆಯುವ ಕೈಯ ಅಕ್ಷರ. ಅಟ್ಟದ ಮೇಲಿನ ರಟ್ಟುಗಳನ್ನು ಒಂದು ಮಳೆಗಾಲ ಗೆದ್ದಲು ತಿಂದುಹಾಕಿತು. ಅವುಗಳಲ್ಲಿ ಒಂದನ್ನಾದರೂ ಸ್ಕ್ಯಾನ್ ಮಾಡಿ ಫಾಂಟ್ ಮಾಡಿದ್ದರೆ ಎಂದು ಆತ ಈಗ ಮರುಗುತ್ತಾನೆ.

ಇನ್ನೂ ಕಟುವಾದ ಮಾತೊಂದಿದೆ. ಆ ಕಾಲದ ಮದುವೆ ವಿಡಿಯೊಗಳಲ್ಲಿ ಗ್ರಾಫಿಕ್ಸ್ ಮಿತಿ ಮೀರಿತ್ತು. ತಿರುಗುವ ಹೃದಯ, ಸುರಿಯುವ ಗುಲಾಬಿ, ಹಾರುವ ಪಾರಿವಾಳ. ಜನರೂ ಅದನ್ನೇ ಕೇಳುತ್ತಿದ್ದರು. ಪಕ್ಕದ ಮನೆಯ ಕ್ಯಾಸೆಟ್ಟಿನಲ್ಲಿ ಇದ್ದದ್ದು ನಮ್ಮದರಲ್ಲೂ ಇರಬೇಕು. ಕೆಲವು ತಿಂಗಳ ಹಿಂದೆ ಆಲ್ದೂರು ಕಡೆಯ ವಯಸ್ಸಾದ ಹೆಂಗಸೊಬ್ಬರು ಮಗಳ ಮದುವೆಯ ಡಿವಿಡಿ ಹಿಡಿದು ಆತನ ಬಳಿ ಬಂದಿದ್ದರು. ತೀರಿಕೊಂಡ ಯಜಮಾನರ ಮುಖ ಬೇಕು, ಗೋಡೆಗೆ ಹಾಕುವಷ್ಟು ದೊಡ್ಡದಾಗಿ. ಧಾರೆ ಎರೆಯುವ ಹೊತ್ತಿನಲ್ಲಿ ಅವರು ಕ್ಯಾಮೆರಾ ಕಡೆ ನೋಡಿದ್ದಾರೆ, ಕಣ್ಣಲ್ಲಿ ನೀರಿದೆ. ಸರಿಯಾಗಿ ಕೆನ್ನೆಯ ಮೇಲಿನಿಂದ ಗುಲಾಬಿ ಬಳ್ಳಿಯೊಂದು ಹಾದುಹೋಗಿದೆ.

"ಈ ಹೂ ತೆಗಿಯಕ್ಕಾಗುತ್ತಾ ಮಗಾ?" ಎಂದು ಕೇಳಿದರು.

ಆಗುವುದಿಲ್ಲ. ಟೈಟಲ್ ಮಾಡುವಾಗ ಬಳ್ಳಿಗೆ ಆಲ್ಫಾ ಇತ್ತು, ಅದು ಬೇರೆ ಪದರವಾಗಿತ್ತು. ಮದುವೆಯ ಜೊತೆ ಸೇರಿಸಿ ಡಿವಿಡಿ ಮಾಡಿದ ಕ್ಷಣದಲ್ಲಿ ಎರಡೂ ಒಂದೇ ಚಿತ್ರವಾದವು. ಬಳ್ಳಿಯ ಕೆಳಗಿನ ಕೆನ್ನೆ ಆ ಡಿವಿಡಿಯಲ್ಲಿ ದಾಖಲಾಗಿಯೇ ಇಲ್ಲ. ಮೂಲ ಟೇಪು ಇದ್ದಿದ್ದರೆ ಸಿಗುತ್ತಿತ್ತು. ಆದರೆ ಟೇಪಿನ ದುಡ್ಡು ಉಳಿಸಲು ಅದರ ಮೇಲೆ ಮುಂದಿನ ಮದುವೆ ಚಿತ್ರೀಕರಿಸುವುದು ಎಲ್ಲ ಕಡೆಯ ರೂಢಿಯಾಗಿತ್ತು. ಈಗಿನ ತಂತ್ರಾಂಶಗಳು ಆ ಜಾಗದಲ್ಲಿ ಒಂದು ಕೆನ್ನೆಯನ್ನು ಊಹಿಸಿ ತುಂಬಬಲ್ಲವು, ಆದರೆ ಅದು ಆ ಮನುಷ್ಯನ ಕೆನ್ನೆಯಲ್ಲ. ಆತ ಹಾಗೆ ಮಾಡಲು ಒಪ್ಪಲಿಲ್ಲ. ಬಳ್ಳಿ ಮುಖಕ್ಕೆ ಬರುವ ಮುಂಚಿನ ಫ್ರೇಮುಗಳಿಂದ, ಯಜಮಾನರು ತಲೆ ತಗ್ಗಿಸಿರುವ ಒಂದು ಚಿತ್ರವನ್ನು ತೆಗೆದು ಕೊಟ್ಟ. ಅವರು ಅದನ್ನೇ ಕಣ್ಣಿಗೊತ್ತಿಕೊಂಡು ತೆಗೆದುಕೊಂಡು ಹೋದರು.

ಪಾರದರ್ಶಕ ಹಿನ್ನೆಲೆಯ ಫೈಲನ್ನು ಆತ ಈಗ ನೋಡುವ ಬಗೆ ಇದರಿಂದ ಬದಲಾಗಿದೆ. ಆಗ ಅದು ಅಂದವಾಗಿ ಕೂರಿಸುವ ಉಪಾಯವಾಗಿತ್ತು. ಈಗ ಆತನ ಮಟ್ಟಿಗೆ ಅದು ಗ್ರಾಫಿಕ್ಸನ್ನೂ ಮನುಷ್ಯರನ್ನೂ ಬೇರೆ ಬೇರೆಯಾಗಿ ಕಾಪಾಡುವ ಕ್ರಮ. ಕಳಸದ ಹುಡುಗನಿಗೆ ಗೆರೆಯ ಪರಿಹಾರದ ಜೊತೆ ಆತ ಇದನ್ನೂ ಬರೆದು ಕಳಿಸಿದ, ಕನ್ನಡದಲ್ಲೇ, ಕ್ರಮವಾಗಿ. ಟೈಟಲ್ಲನ್ನು ಪ್ರೋರೆಸ್ 4444ನಲ್ಲಿ ಇಲ್ಲವೇ ಪಿಎನ್‌ಜಿ ಸೀಕ್ವೆನ್ಸಿನಲ್ಲಿ ತೆಗಿ. ಚಾನೆಲ್ ಆರ್‌ಜಿಬಿ ಮತ್ತು ಆಲ್ಫಾ. ಸ್ಟ್ರೇಟೋ ಪ್ರೀಮಲ್ಟಿಪ್ಲೈಡೋ ಎಂಬುದನ್ನು ಫೈಲಿನ ಹೆಸರಿನಲ್ಲೇ ಬರೆ, ಮುಂದೆ ತೆರೆಯುವವರು ಊಹಿಸಬೇಕಾಗಬಾರದು. ಅಳತೆ, ಫ್ರೇಮ್‌ರೇಟ್ ಮದುವೆಯ ಪ್ರಾಜೆಕ್ಟಿನದೇ ಇರಲಿ. ಕೂರಿಸಿದ ಮೇಲೆ ಒಮ್ಮೆ ಮಂಜಿನ ಮೇಲೆ, ಒಮ್ಮೆ ಕತ್ತಲ ಮೇಲೆ ಇಟ್ಟು ಅಂಚು ನೋಡು. ಎಲ್ಲ ಮುಗಿದ ಮೇಲೆ ಟೈಟಲ್ ಪದರವನ್ನು ಆಫ್ ಮಾಡಿ ಇನ್ನೊಂದು ಪ್ರತಿ ತೆಗೆದು ಮನೆಯವರಿಗೆ ಕೊಡು, ಅದಕ್ಕೆ ಬೇರೆ ದುಡ್ಡು ಕೇಳಬೇಡ.

ಸ್ಟುಡಿಯೊದವರು ತಾವಾಗಿ ಕೊಡದಿದ್ದರೆ ಕೇಳುವ ಹಕ್ಕು ಮನೆಯವರದು. ಮುಂದಿನ ಮದುವೆಗೆ ಕ್ಯಾಮೆರಾದವರಿಗೆ ಅಡ್ವಾನ್ಸ್ ಕೊಡುವಾಗ, ಆಲ್ಬಂ ಎಷ್ಟು ಹಾಳೆ, ಡ್ರೋನ್ ಇದೆಯಾ ಎಂದು ಕೇಳುವ ಜೊತೆಗೆ ಇದನ್ನೂ ಕೇಳಿ: ಟೈಟಲ್ಲು, ಹೂವು, ಹೃದಯ ಯಾವುದೂ ಇಲ್ಲದ ಒಂದು ಪೂರ್ತಿ ಪ್ರತಿ ನಮಗೆ ಬೇಕು. ಒಂದು ಹಾರ್ಡ್‌ಡಿಸ್ಕ್ ಕೊಂಡು ಅದರಲ್ಲೇ ಹಾಕಿಸಿಕೊಳ್ಳಿ, ಮಳೆಗಾಲದಲ್ಲಿ ಒಣ ಜಾಗದಲ್ಲಿಡಿ, ಇನ್ನೊಂದು ಪ್ರತಿಯನ್ನು ಬೇರೆ ಊರಿನಲ್ಲಿರುವ ಮಗನದೋ ಮಗಳದೋ ಮನೆಯಲ್ಲಿಡಿ.